ನಾಲ್ಕು ಮಡಿಕೆಯ ಕರ್ಚೀಫು

ಮತ್ತೆ ಅದೇ ಕಮಟು, ಕೆಟ್ಟ ಕೊಬ್ಬರಿಯದ್ದು, ಕಾಲಡಿಯ ಮ್ಯಾಟಿನ ಮೇಲೆ ಬಿಳಿ ಚೂರುಗಳು, ಅಗಿದದ್ದು ಅಗಿದ ಹಾಗೇ, ಬೆಲ್ಲದ ಲೋಳೆಯಲ್ಲಿ — ಥೂ, ತಿಪಟೂರು ಬಿಟ್ಟು ಹುಳಿಯಾರು ದಾಟುವಷ್ಟರಲ್ಲಿ ಮೂರನೇ ಸಲ, ಹುಬ್ಬಳ್ಳಿ ಇನ್ನೆಷ್ಟು ದೂರ, ನಾದಿನಿಯ ಗೃಹಪ್ರವೇಶಕ್ಕೆಂದು ಉಟ್ಟ ಹೊಸ ಸೀರೆಯ ನೆರಿಗೆಯಲ್ಲೂ ಅದೇ, ಉಗುರಿನ ಸಂದಿಯಲ್ಲೂ ಅದೇ, ಮಡಿಲಲ್ಲಿ ಈ ನಾಯಿಮರಿ ಚುಕ್ಕಿ ನಡುಗುತ್ತಿದೆ, ಕಕ್ಕಿದ್ದನ್ನೇ ನೆಕ್ಕಲು ಹೋಗುತ್ತಿದೆ, ಅಸಹ್ಯ. ನಾಲ್ಕಕ್ಕೆ ಎದ್ದವಳು ನಾನು, ಬುತ್ತಿ ಕಟ್ಟಿ, ಕೊಬ್ಬರಿ ಸುಲಿಯುವ ಆಳುಗಳಿಗೆ ತಿಂಡಿ ಮಾಡಿಟ್ಟು, ಕಾರು ಓಡಿಸುತ್ತಿರುವ ಇವರ ಕರ್ಚೀಫಿಗೂ ಇಸ್ತ್ರಿ ಹಾಕಿ, ನಾಯಿ ಬೇಡ ಎಂದರೆ ಮಗಳು ಕೇಳಬೇಕಲ್ಲ, ಚುಕ್ಕಿ ಬರ್ದಿದ್ರೆ ನಾನೂ ಬರಲ್ಲ ಕಣಮ್ಮ, ಈಗ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ವರ್ಷಿಣಿ ಮಹಾರಾಣಿಗೆ. ಅತ್ತೆ ಬೇರೆ, ಹೊರಡುವಾಗ ಅಷ್ಟು ದೊಡ್ಡ ಕೊಬ್ಬರಿ ಹೋಳು, ಬೆಲ್ಲದ ಜೊತೆ, ನಾಯಿಯ ಬಾಯಿಗೆ, ಅದಕ್ಕ್ಯಾಕತ್ತೆ ಅದೆಲ್ಲ, ದೂರ ಹೋಗೋ ಜೀವ ಕಣೇ, ಬರೀ ಬಾಯಲ್ಲಿ ಕಳುಸ್ತಾರಾ. ನನ್ನನ್ನೂ ಬರೀ ಬಾಯಲ್ಲಿ ಕಳಿಸಿರಲಿಲ್ಲ, ಇದೇ ಹುಳಿಯಾರಿನಿಂದ, ಹದಿಮೂರು ವರ್ಷದ ಹಿಂದೆ, ಮದುವೆ ಕಾರು ಹತ್ತುವಾಗ ಅಮ್ಮ ಕೊಬ್ಬರಿ ಸಕ್ಕರೆ ಬಾಯಿಗೆ ತುರುಕಿದ್ದಳು, ಹತ್ತು ಮೈಲಿ ಹೋಗಿಲ್ಲ, ಎಲ್ಲ ಹೊರಗೆ, ಧಾರೆ ಸೀರೆಯ ಮೇಲೆ ಇದೇ ಬಿಳಿ ಚೂರು, ಪಕ್ಕದಲ್ಲಿ ಇವರೇ, ಆಗ ಹೊಸ ಗಂಡ, ತೋಂಟದಾರ್ಯ, ಜೇಬಿನಿಂದ ಬಿಳಿ ಕರ್ಚೀಫು ತೆಗೆದರು, ನನಗೇ ಎಂದುಕೊಂಡು ಕೈ ಚಾಚಿದೆ, ಅವರು ಬಿಡಿಸಲೂ ಇಲ್ಲ, ನಾಲ್ಕು ಮಡಿಕೆಯಲ್ಲೇ ತಮ್ಮ ಮೂಗಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು, ಚಾಚಿದ ಕೈ ಅಲ್ಲೇ, ಅಲ್ಲೇ —

ಕಾರು ಯಾಕೆ ನಿಂತಿತು. ಎರಡೂ ಕಡೆ ತೆಂಗು, ನರಪಿಳ್ಳೆ ಇಲ್ಲ. ಇವರು, ಬುಡೇ ಅದನ್ನ ಇಲ್ಲೇ. ಏನ್ರೀ? ಬುಡು ಅಂದೆ, ಮಗಳು ಎದ್ರೆ ಟೀಗೆ ನಿಲ್ಸಿದಾಗ ಹಾರ್ಕೊಂಡು ಓಡೋಯ್ತು ಅನ್ನು. ರೀ, ಮರಿ ಕಣ್ರೀ ಅದು. ಮರಿಯೋ ಗಿರಿಯೋ, ಸೀಟ್ ನೋಡು, ತೊಳೆಯೋರ್ಯಾರು? ತೊಳೆಯೋರು ಯಾರಂತೆ, ಮೂಗಿನ ಮೇಲೆ ಕರ್ಚೀಫು ಇಟ್ಟುಕೊಂಡೇ ಕೇಳುತ್ತಾರೆ, ಇಷ್ಟು ವರ್ಷ ಆ ಮನೆಯಲ್ಲಿ ಯಾರು ಕಕ್ಕಿದ್ದನ್ನು ಯಾರು ತೊಳೆದರು ಎಂದು ಗೊತ್ತಿಲ್ಲದವರ ಹಾಗೆ. ಆದರೆ ನನಗೂ ಸಾಕಾಗಿದೆ, ಸುಳ್ಳೇಕೆ, ಬಿಟ್ಟರೆ ಒಂದು ಹೊಟ್ಟೆ ಕಡಿಮೆ, ಒಂದು ಹೇಲು ಬಳಿಯುವುದು ಕಡಿಮೆ, ಬಾಗಿಲು ತೆರೆದದ್ದು ನಾನೇ, ಒಂದೇ ಕೈಯಲ್ಲಿ ಅದರ ಕತ್ತು ಹಿಡಿದು ಇಳಿಸುತ್ತಿದ್ದೇನೆ, ಹಿಂಗಾಲು ಮಣ್ಣಿಗೆ ತಾಗಿತು, ಮುಂಗಾಲೊಂದನ್ನು ನನ್ನ ಕಡೆ ಚಾಚಿದೆ, ಚಾಚಿಕೊಂಡೇ ಇದೆ, ನಾನು ಮುಖ ತಿರುಗಿಸಿದೆ, ಉಸಿರು ಬಿಸಿಯಾಗಿ ಬಟ್ಟೆಗೆ ತಾಗಿ ವಾಪಸು ನನಗೇ ಬರುತ್ತಿದೆ — ಯಾವ ಬಟ್ಟೆ, ಇನ್ನೊಂದು ಕೈ ಎಲ್ಲಿದೆ, ಸೆರಗು, ಮಡಿಸಿ ಮೂಗಿಗೆ ಒತ್ತಿಕೊಂಡಿದ್ದೇನೆ, ಯಾವಾಗ ಎತ್ತಿದೆ ಇದನ್ನು, ಥೂ ನನ್ನ ಜನ್ಮಕ್ಕೆ.

ಆ ಸೆರಗಿನಲ್ಲೇ ಅದರ ಮೂತಿ ಒರೆಸಿದೆ, ಹೊಸ ಸೀರೆ ಹಾಳಾಗಿ ಹೋಗಲಿ, ಎತ್ತಿಕೊಂಡೆ, ಬಾಗಿಲು ಹಾಕಿದೆ. ಯಾಕೇ, ಬುಡ್ಲಿಲ್ವಾ? ನಡೀರಿ, ತೊಳೆಯೋಳು ನಾನು. ಹೊರಟರು, ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಮೂಗಿನ ಮೇಲೆ, ಬಿಳಿ, ಅಂಚಿಗೆ ಅಂಚು ಕೂಡಿಸಿ ಬೆಳಗ್ಗೆ ನಾನೇ ಇಸ್ತ್ರಿ ಒತ್ತಿದ್ದು, ಇನ್ನೂ ಬಿಡಿಸಿಲ್ಲ, ನಾಲ್ಕು ಮಡಿಕೆ, ನಾಲ್ಕು.