ಮೂರನೇ ಕಾರ್ಡು

“ಗದ್ದ ಸ್ವಲ್ಪ ಮ್ಯಾಲ ಮಾಡು ಬೇಟಾ,” ಎಂದು ಕ್ಯಾಮೆರಾಕ್ಕೆ ಕಣ್ಣಿಟ್ಟಾಗಲೇ ಲಾಲ್ ಅಹ್ಮದನಿಗೆ ಆ ಮುಖದ ಗುರುತು ಸಿಕ್ಕಿದ್ದು. ಬಾಗಿಲಲ್ಲಿ ನಿಂತಾಗ ಅವಳು ಬರೇ ಪಾಸ್‌ಪೋರ್ಟ್ ಸೈಜಿನ ಗಿರಾಕಿಯಾಗಿದ್ದಳು.

“ಗುರುತು ಹತ್ತಲಿಲ್ಲೇನ್ರಿ ಚಾಚಾ? ನಾನ್ರಿ, ನೀಲಾಬಾಯಿ ಮಗಳು ಭಾಗ್ಯಶ್ರೀ. ಎಡಗೈ ಸ್ಪಿನ್ನು.”

ಅವನು ಬಟನ್ ಒತ್ತಿದ. ಫೋಟೊ ಅಲುಗಿಹೋಯಿತು. ಮೂವತ್ತು ವರ್ಷದಲ್ಲಿ ಪಾಸ್‌ಪೋರ್ಟ್ ಫೋಟೊ ಕೆಡಿಸಿದ್ದು ಇದೇ ಮೊದಲಿರಬೇಕು.

ವಾಡಿ ಸ್ಟೇಷನ್ನಿನ ಎದುರಿಗಿದ್ದ ಆ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ಮುಗಳ ನಡುವೆ ಇನ್ನೊಂದು ಆಲ್ಬಮ್ ಇತ್ತು. ಅದರ ತುಂಬ ಕ್ರಿಕೆಟ್ ಆಡುವ ಹುಡುಗ ಹುಡುಗಿಯರ ಅಂಗೈಯಗಲದ ಫೋಟೊಗಳು. ಕೆಳಗೆ ಸಹಿ, ಮೇಲೆ ಲ್ಯಾಮಿನೇಷನ್. ಹೆಸರಾದವರ ಸಹಿ ಕೊಳ್ಳುವ ತಾಕತ್ತು ಅವನಿಗಿರಲಿಲ್ಲ. ಹೆಸರಾಗಲಿರುವವರದು ಒಂದು ಪ್ಲೇಟ್ ಮಂಡಕ್ಕಿ ಸುಸಲಾಕ್ಕೆ ಸಿಗುತ್ತಿತ್ತು. ಶಹಾಬಾದ, ಸೇಡಂ, ಚಿತ್ತಾಪುರ, ಎಲ್ಲಿ ಟೂರ್ನಮೆಂಟ್ ಇದ್ದರೂ ಸ್ಕೂಟರ್ ಏರುತ್ತಿದ್ದ. ಒಬ್ಬೊಬ್ಬರಿಂದ ಮೂರು ಕಾರ್ಡು: ಆಲ್ಬಮ್ಮಿಗೊಂದು, ಗೋಡೆಗೊಂದು, ಮುಂದೆ ಬೆಲೆ ಬಂದೀತೆಂದು ಕಬ್ಬಿಣದ ಪೆಟ್ಟಿಗೆಗೊಂದು. ಬೆಲೆ ಇನ್ನೂ ಯಾರಿಗೂ ಬಂದಿರಲಿಲ್ಲ. ಚಿತ್ತಾಪುರದ ವೇಗದ ಬೌಲರ್ ತಾರೀಕ ಈಗ ಸಿಮೆಂಟ್ ಲಾರಿ ಓಡಿಸುತ್ತಾನೆ. ಸ್ಟುಡಿಯೋ ಮುಂದೆ ಹಾಯುವಾಗ ಉದ್ದಕ್ಕೆ ಹಾರ್ನ್ ಹೊಡೆದು ತನ್ನ ಏಕಮಾತ್ರ ಅಭಿಮಾನಿಯ ಗೌರವ ಉಳಿಸುತ್ತಾನೆ.

“ನನ್ನ ಕಾರ್ಡ್ ಅದಾವೇನ್ರಿ? ಚಿಂಚೋಳಿ ಕಡಿ ಒಂದು ಸಾಲಿಯೊಳಗ ಆಟದ ಟೀಚರ್ ತಗೊಳ್ಳಿಕತ್ತಾರ. ಆಡಿದ್ದಕ್ಕ ಏನರ ದಾಖಲಾ ಬೇಕಂತ. ಮನ್ಯಾಗ ಗೆದ್ದಿದ್ದು ಒಂದು ಕಪ್ಪಿತ್ತು, ಅದರಾಗ ನಮ್ಮವ್ವ ಉಪ್ಪು ಹಾಕಿಟ್ಟಾಳ.”

ಲಾಲ್ ಅಹ್ಮದ್ ನಗಬೇಕಾದಷ್ಟು ನಕ್ಕ. ಅವಳ ಕಾರ್ಡು ಆಲ್ಬಮ್ಮಿನಲ್ಲೂ ಇರಲಿಲ್ಲ, ಗೋಡೆಯ ಮೇಲೂ ಇರಲಿಲ್ಲ. ಅವಳ ಮೂರೂ ಕಾರ್ಡು ನಾಲ್ಕು ವರ್ಷದಿಂದ ಪೆಟ್ಟಿಗೆಯ ತಳದಲ್ಲಿ ಬೋರಲು ಬಿದ್ದಿದ್ದವು. ತೆಗೆದು ಕೌಂಟರ್ ಮೇಲಿಟ್ಟ. ಫೋಟೊದಲ್ಲಿ ಅವಳ ಹಿಂದೆ ಟೂರ್ನಮೆಂಟಿನ ಬ್ಯಾನರ್, ಮೂಲೆಯಲ್ಲಿ ತಾರೀಖು.

ಅವಳು ಅವಕ್ಕೆ ಸಹಿ ಹಾಕಿದ ಬೆಳಿಗ್ಗೆ ಕಲಬುರಗಿಯಲ್ಲಿ ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರ ಆಯ್ಕೆ ಇತ್ತು. ಗಾಡಿ ಹಿಡಿಯಲು ಬಂದವಳನ್ನು ಇವನೇ ಕರೆದಿದ್ದ. “ಆರಿಸಿ ಬಂದಮ್ಯಾಲ ನೀ ನನಗೆಲ್ಲಿ ಸಿಗ್ತಿ?” ಅವಳು ದುಂಡಗೆ ಹೆಸರು ಬರೆಯಹೋದಾಗ, “ಇದೇನು, ಹಾಜರಿ ಪುಸ್ತಕ ಏನು? ಆಟಗಾರರ ಸಹಿ ಅಂದ್ರ ಹಾರಬೇಕು,” ಎಂದು ಹಳೆಯ ಬಿಲ್ಲುಗಳ ಬೆನ್ನ ಮೇಲೆ ರೂಢಿ ಮಾಡಿಸಿದ್ದ. ಎರಡು ಕಾರ್ಡು ಮುಗಿದಿದ್ದವು. ಮೂರನೆಯದು ಕೈಯಲ್ಲಿದ್ದಾಗ ಸೀಟಿ ಕೇಳಿ ಅವಳು ಎದ್ದುನಿಂತಳು. “ಕುಂದ್ರು, ಅದು ಗೂಡ್ಸ್,” ಎಂದಿದ್ದ ಲಾಲ್ ಅಹ್ಮದ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಯಾವ ಸೀಟಿ ಯಾವ ಗಾಡಿಯದೆಂದು ಹೇಳುವವನು ಅವನು. ಮೂರನೇ ಸಹಿಯೇ ಎಲ್ಲಕ್ಕಿಂತ ಚೆಂದ ಬಂದಿತ್ತು. ಅವಳು ಪ್ಲಾಟ್‌ಫಾರಂ ಮುಟ್ಟುವಾಗ ಪ್ಯಾಸೆಂಜರಿನ ಕೊನೆಯ ಡಬ್ಬಿ ಸಿಗ್ನಲ್ ದಾಟುತ್ತಿತ್ತು. ಮುಂದಿನ ಗಾಡಿಗೆ ಹೋಗುವಷ್ಟರಲ್ಲಿ ಅಲ್ಲಿ ಹೆಸರು ಬರೆದುಕೊಳ್ಳುವುದು ಮುಗಿದಿತ್ತು. ಮರುವರ್ಷ ಅವಳ ವಯಸ್ಸು ಮೀರಿತ್ತು. ತಾನು ಕೂಡಿಹಾಕಿದ್ದರಲ್ಲಿ ಬೆಲೆ ಬರಬಹುದಾಗಿದ್ದ ಕಾರ್ಡು ಅವಳದೊಂದೇ ಎಂದು ಅವನಿಗೆ ಆಗಲೂ ಗೊತ್ತಿತ್ತು.

“ಅವ್ವ ಇನ್ನೂ ಬೈತಾಳ್ರಿ, ಬಿಸಿಲೇರೋ ತನಕ ಮಲಗಿ ಗಾಡಿ ಕಳಕೊಂಡಿ ಅಂತ,” ಎಂದಳು ಭಾಗ್ಯಶ್ರೀ, ಅರ್ಜಿಗೆ ಗೋಂದು ಹಚ್ಚುತ್ತ. “ಅಣ್ಣ ಅಂತೂ ಬೀಗರ ಮುಂದ ನನಗ ಕುಂಭಕರ್ಣನ ತಂಗಿ ಅಂತಾನ. ತನಗೂ ಸೇರಿಸಿ ಅಂದ್ಕೊಂಡಂಗ ಆತು ಅನ್ನೋದು ಅವಗ ತಿಳ್ದಿಲ್ಲ.”

“ಇಲ್ಲಿದ್ದೆ ಅಂತ ಹೇಳಬೇಕಿತ್ತಲ್ಲ ಬೇಟಾ.”

“ಹೇಳಿದ್ರ ನಿಮಗ ಬೈತಿದ್ರು. ನಿಮ್ಮದೇನ್ ತಪ್ಪದ? ನಿಮಗೂ ಗೂಡ್ಸ್ ಅನಿಸ್ತು, ನನಗೂ ಅನಿಸ್ತು.” ಅವಳು ಕಾರ್ಡಿನ ಸಹಿಯ ಮೇಲೆ ಬೆರಳಾಡಿಸಿದಳು. “ಈಗ ಬ್ಯಾಂಕಿನ್ಯಾಗೂ ಇದೇ ಸಹಿ ರಿ, ನೀವು ಕಲಿಸಿದ್ದು. ಮ್ಯಾನೇಜರ್ ‘ಭಾರಿ ಅದವ್ವಾ’ ಅಂದ.”

ಹೊಸ ಫೋಟೊ ಸರಿಯಾಗಿ ಬಂದಿತ್ತು. ಅದನ್ನು ಅರ್ಜಿಗೆ ಅಂಟಿಸಿ ಸಹಿಗೆ ಪೆನ್ನು ಎತ್ತಿದಾಗ ಹೊರಗೆ ಸೀಟಿ ಕೇಳಿತು.

“ಯಾವ್ದ್ರಿ ಚಾಚಾ? ಸೇಡಂ ಕಡೆದೇನು?”

“ಗೂಡ್ಸ್.”

ಅವಳು ನಂಬಿ ತಲೆ ಬಗ್ಗಿಸಿದಳು. ಲಾಲ್ ಅಹ್ಮದನಿಗೆ ಅದನ್ನು ನೋಡಲಾಗಲಿಲ್ಲ.

“ಇದು ಖರೇನ ಗೂಡ್ಸು,” ಎಂದ. “ಆವತ್ತಿಂದು ಪ್ಯಾಸೆಂಜರ್. ನನಗ ಗೊತ್ತಿತ್ತು ಬೇಟಾ. ಒಂದು ಸಹಿ ಉಳಿದಿತ್ತು.”

ಗಾಡಿ ಉದ್ದವಿತ್ತು. ಗೋಡೆಯ ಮೇಲಿನ ಆಟಗಾರರೆಲ್ಲ ತಮ್ಮ ತಮ್ಮ ಚೌಕಟ್ಟಿನಲ್ಲಿ ಗದಗುಟ್ಟಿದರು. ಕೊನೆಯ ಡಬ್ಬಿ ಹೋಗಿ ಸದ್ದಡಗುವ ತನಕ ಅವಳು ಪೆನ್ನನ್ನು ಕಾಗದದ ಮೇಲೆಯೇ ಹಿಡಿದಿದ್ದಳು. ಆಮೇಲೆ ಬರೆದಳು: ನಿಧಾನವಾಗಿ, ದುಂಡಗೆ, ಒಂದೊಂದೇ ಅಕ್ಷರ, ಹಾಜರಿ ಪುಸ್ತಕದಲ್ಲಿ ಬರೆದಂತೆ.

ಎರಡು ಕಾರ್ಡು ಫೈಲಿನೊಳಗಿಟ್ಟಳು. ಮೂರನೆಯದನ್ನು ಅವನ ಕಡೆಗೆ ಸರಿಸಿದಳು.

“ಇದು ನಿಮ್ಮದ್ರಿ.”

ಸೇಡಂ ಗಾಡಿಗೆ ಇನ್ನೂ ಮುಕ್ಕಾಲು ತಾಸಿತ್ತು. ಬೇಲಿಯ ಸಂದಿನಿಂದ ಲಾಲ್ ಅಹ್ಮದನಿಗೆ ಪ್ಲಾಟ್‌ಫಾರಂ ಕಾಣುತ್ತಿತ್ತು. ಬೆಂಚು ಖಾಲಿಯಿದ್ದರೂ ಅವಳು ಕೂಡಲಿಲ್ಲ. ಫೈಲನ್ನು ಎದೆಗವಚಿಕೊಂಡು, ಗಾಡಿ ಬರುವ ದಿಕ್ಕಿಗೆ ಮುಖ ಮಾಡಿ, ಬಿಸಿಲಲ್ಲೇ ನಿಂತಿದ್ದಳು.