ಎಡಗಡೆಯ ಕುರ್ಚಿ

ನನ್ನ ನೆನಪು ಕೈಕೊಟ್ಟಿದೆ ಎಂದು ನಮ್ಮ ಫೋನಿನ ಗುಂಪಿನಲ್ಲಿ ಬರೆದವರು ಯಾರು? ಹಲ್ಲು ಹೋಗಿದೆ, ಮಂಡಿ ಹೋಗಿದೆ, ಇನ್ನೊಂದು ಹೋಗಿರುವುದನ್ನು ಆಮೇಲೆ ಹೇಳುತ್ತೇನೆ. ನೆನಪು ಮಾತ್ರ ಗಟ್ಟಿ. ಸುಮ್ಮನೆ ಕೇಳಿ.

ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ನನಗೆ ಸಿಕ್ಕ ನೌಕರಿ ಬೈಯುವುದು. ನಗಬೇಡಿ. ಕೋಚಿಂಗ್ ಶಾಲೆಗಳೇ ತುಂಬಿರುವ ನೊರ್ಯಾಂಗ್‌ಜಿನ್ ಬಡಾವಣೆಯಲ್ಲಿ ಸರ್ಕಾರಿ ಕೆಲಸಕ್ಕೆ ಮಕ್ಕಳನ್ನು ತಯಾರು ಮಾಡುವ ಕ್ವಾಕ್ ಮೇಷ್ಟರು, ನಾನು ವಾರ್ಡ್ ಕಚೇರಿಯಲ್ಲಿ ಕೂಗಾಡುವುದನ್ನು ಸಾಲಿನಲ್ಲಿ ನಿಂತು ನೋಡಿದ್ದರಂತೆ. ಹೊರಗೆ ಬಂದು ಹಿಡಿದುಕೊಂಡರು.

"ಅಜ್ಜ, ಇದೇ ಕೂಗಾಟ ನಮ್ಮಲ್ಲಿ ಬಂದು ಮಾಡ್ತೀರಾ? ಊಟ ಹಾಕಿ ಸಂಬಳಾನೂ ಕೊಡ್ತೀನಿ."

ಅಣಕು ಸಂದರ್ಶನದಲ್ಲಿ ನಾನು ಸಿಟ್ಟಿನ ಮುದುಕ, ಮಕ್ಕಳು ಕೌಂಟರಿನ ಗುಮಾಸ್ತರು. ಎಲ್ಲರದೂ ಬಾಡಿಗೆಯ ಕಪ್ಪು ಕೋಟು, ಒಂದೇ ಅಳತೆಯ ನಮಸ್ಕಾರ, ಬಾಯಿಪಾಠದ ಒಂದೇ ಕ್ಷಮೆ. ದಾಸೋಲ್ ಎಂಬ ಹುಡುಗಿಗೆ ಅದೂ ಬರುತ್ತಿರಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಹುಲಿ. ಆದರೆ ಯಾರಾದರೂ ದನಿ ಏರಿಸಿದರೆ ಗಂಟಲು ಕಟ್ಟಿಬಿಡುತ್ತಿತ್ತು. ಸಂದರ್ಶನದಲ್ಲೇ ಮತ್ತೆ ಮತ್ತೆ ಫೇಲಾಗಿದ್ದಳು. ಈ ಸಲವೂ ಫೇಲಾದರೆ ತನ್ನೂರು ಮೊಕ್ಪೋಗೆ ವಾಪಸ್ಸು, ಸೋದರತ್ತೆಯ ಒಣಮೀನಿನ ಅಂಗಡಿಗೆ.

"ಗಟ್ಟಿಯಾಗಿ ಮಾತಾಡಮ್ಮ! ಕೌಂಟರಲ್ಲಿ ಕೂತಿದ್ದೀಯೋ, ಸಾವಿನ ಮನೇಲೋ?" ಎಂದು ಮೇಷ್ಟರು ರೇಗುತ್ತಿದ್ದರು.

ಕೊನೆಯ ಅಭ್ಯಾಸದ ದಿನ ನಾನು ಮೇಜು ಗುದ್ದಿ ಅಬ್ಬರಿಸಿದೆ. ಅವಳ ತುಟಿ ಆಡಿತು. "ಏನು? ಏನಂದೆ?" ಎಂದು ಮತ್ತೆ ಗುದ್ದಿದೆ. ಹುಡುಗಿ ಎದ್ದಳು. ಅಳುತ್ತಾ ಓಡುತ್ತಾಳೆ ಅಂದುಕೊಂಡೆ. ಕುರ್ಚಿ ಎಳೆದುಕೊಂಡು ಮೇಜು ಸುತ್ತಿ ಬಂದು ನನ್ನ ಎಡಗಡೆ ಕೂತಳು.

"ಅಜ್ಜ, ಈ ಕಡೆ ಕೇಳಿಸುತ್ತೆ ಅಲ್ವಾ? ಕ್ಯಾಂಟೀನಲ್ಲೂ ನೀವು ಗೋಡೆಗೆ ಬಲಗಡೆ ಕೊಟ್ಟೇ ಕೂರೋದು."

ನನ್ನ ಸೀಟಿನ ಬಲಕ್ಕೇ ಗುಡುಗುತ್ತಿದ್ದ ಹಳೇ ಬಸ್ಸಿನ ಇಂಜಿನ್ನು ನನ್ನ ಬಲಗಿವಿಯನ್ನು ಎಂದೋ ತಿಂದುಹಾಕಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

"ಅವತ್ತು ವಾರ್ಡ್ ಕಚೇರೀಲಿ ಕೂಗಾಡಿದ್ರಂತಲ್ಲ, ನಿಮಗೆ ಏನು ಬೇಕಿತ್ತು ಅಜ್ಜ?"

ಪಾತ್ರ ಮರೆತೇಹೋಯಿತು. "ನನ್ನ ಹೆಂಡ್ತಿ ತೀರಿಕೊಂಡಿದ್ದಳು ಕಣೇ. ಅದನ್ನ ಬರೆಸೋಕೆ ಹೋಗಿದ್ದೆ. ಗಾಜಿನ ಆಚೆ ಆ ಹುಡುಗ ಏನು ಕೇಳ್ತಿದ್ದಾನೋ ಒಂದೂ ಕೇಳಿಸಲಿಲ್ಲ."

ಅವಳು ನನ್ನ ತೋಳು ಹಿಡಿದುಕೊಂಡಳು. ಇಷ್ಟು ಮಾತಾಡಿದರೂ ಅವಳ ಗಂಟಲು ಕಟ್ಟಿರಲಿಲ್ಲ.

"ಕುರ್ಚಿ ಬಿಟ್ಟು ಎದ್ದೆಯಾ? ಅಂಕ ಹೋಯ್ತು!" ಎಂದರು ಮೇಷ್ಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ನಿಜವಾದ ಸಂದರ್ಶನದಲ್ಲಿ ಕೇಳಿದ್ದೂ ಅದೇ: ಮುದುಕರೊಬ್ಬರು ಕೂಗಾಡಿದರೆ ಏನು ಮಾಡುತ್ತೀರಿ? ಎಲ್ಲರೂ ಕ್ಷಮೆಯ ಪಾಠ ಒಪ್ಪಿಸಿದ್ದರಂತೆ. ಇವಳು, "ಅವರಿಗೆ ಕೇಳಿಸ್ತಿದೆಯಾ ಅಂತ ಮೊದಲು ನೋಡ್ತೀನಿ" ಎಂದಳಂತೆ. ಹೇಗೆ ನೋಡುತ್ತೀರಿ ಎಂದರಂತೆ ಸಂದರ್ಶಕರು. ಇವಳು ಕುರ್ಚಿ ಬಿಟ್ಟು ಎದ್ದಳಂತೆ.

ಫಲಿತಾಂಶದ ದಿನ ಫೋನು ಬಂತು.

"ಅಜ್ಜ, ಎಡಗಿವಿಗೆ ಇಟ್ಟುಕೊಂಡಿದ್ದೀರಾ?"

"ಹೂಂ, ಒದರು."

"ಪಾಸಾದೆ!"

ಅಷ್ಟು ಜೋರಾಗಿ ಅವಳು ಕಿರುಚಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಈಗ ಅವಳ ಕೌಂಟರಿನ ಈಚೆಗೆ, ನಮ್ಮಂಥವರ ಪಕ್ಕಕ್ಕೆ, ಅವಳು ಎದ್ದು ಬಂದು ಕೂರಲಿಕ್ಕೆ ಒಂದು ಖಾಲಿ ಕುರ್ಚಿ ಇದೆ.

ದನಿ ಸಣ್ಣದು ಎಂದು ಬೈಸಿಕೊಂಡು ಓದುತ್ತಿರುವ ಮಕ್ಕಳಿದ್ದರೆ ಇದನ್ನು ಕಳಿಸಿ. ನನ್ನಂಥ ಕಿವುಡರಿಗೆ ಕಳಿಸುವುದಾದರೆ ಪಕ್ಕದಲ್ಲಿ ಕೂತು ಹೇಳಿ.