ಮೊದಲನೆಯ ಸಾಲಿನ ಸಹಿ

ಆ ಬೆಳಿಗ್ಗೆ ಮಂಜು ಬೀದಿಯನ್ನೇ ನುಂಗಿ ಕೂತಿತ್ತು. ಎಂಟೂವರೆಯಾದರೂ ಎದುರಿನ ಚಪ್ಪಲಿ ಅಂಗಡಿ ಕಣ್ಣಿಗೆ ಬಿದ್ದಿರಲಿಲ್ಲ, ಅದರ ಬಾಗಿಲು ತೆಗೆಯುವ ಸದ್ದಷ್ಟೇ ಕೇಳಿತ್ತು. ಇಂಥ ಚಳಿಯಲ್ಲಿ ಮಂಡಿನೋವು ಮನುಷ್ಯರಿಗಿಂತ ಮೊದಲೇ ಎದ್ದು ಕೂರುತ್ತದೆಂದು ನೀರಮ್ಮನಿಗೆ ಗೊತ್ತು. ಅದಕ್ಕೇ ಚಿಕಿತ್ಸಾಲಯಕ್ಕೆ ಬಂದವಳೇ ನೀರು ಕಾಯಲು ಇಟ್ಟಳು. ಮೂವತ್ತು ವರ್ಷದಿಂದ ಬಿಸಿನೀರು, ತಣ್ಣೀರು, ಒದ್ದೆಬಟ್ಟೆಯ ಪಟ್ಟಿ ಇವುಗಳಲ್ಲೇ ರೋಗಿಗಳನ್ನು ನೋಡುತ್ತ ಬಂದ ಪ್ರಕೃತಿ ವೈದ್ಯೆ ಅವಳು. ಬೀದಿಯವರು ಇಟ್ಟ ಹೆಸರು ನೀರಮ್ಮ. ಎರಡು ಬೀದಿ ಆಚೆ ಮಣ್ಣಿನ ಪಟ್ಟಿ ಹಾಕುವ ಇನ್ನೊಬ್ಬ ವೈದ್ಯ ಅದೇ ಲೆಕ್ಕದಲ್ಲಿ ಮಣ್ಣಪ್ಪನಾಗಿದ್ದ. ಇಬ್ಬರ ನಿಜವಾದ ಹೆಸರೂ ಬಾಗಿಲ ಮೇಲಿನ ಬೋರ್ಡಿನಲ್ಲಷ್ಟೇ ಉಳಿದಿತ್ತು.

ಮೊದಲ ರೋಗಿ ನಿವೃತ್ತ ಬಸ್ ಕಂಡಕ್ಟರ್. ಹದಿನೈದು ದಿನದ ಚಿಕಿತ್ಸೆಯಲ್ಲಿ ಅಂದು ಹತ್ತನೆಯ ದಿನ. ಎರಡು ಕೋಲು ಊರಿಕೊಂಡು ಬಂದವರು ಈಗ ಒಂದಕ್ಕೆ ಇಳಿದಿದ್ದರು. ಅವರ ಮಂಡಿ ಮುಟ್ಟುವ ಮುಂಚೆ ನೀರಮ್ಮ ಎಂದಿನಂತೆ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಕಣ್ಣು ತೆರೆದರೆ ಬಾಗಿಲಲ್ಲಿ ತಂಗಿ, ಕೈಯಲ್ಲಿ ಮೊಬೈಲು. ಚಿಕಿತ್ಸಾಲಯದ ಕಾಗದಪತ್ರವೆಲ್ಲ ತಂಗಿಯ ಪಾಲಿನದು.

"ಅಕ್ಕ, ವೈದ್ಯ ಮಂಡಳಿಯಿಂದ ಮೆಸೇಜ್ ಬಂದಿದೆ. ನಿನ್ನ ಲೈಸೆನ್ಸ್ ನವೀಕರಣ ನಿಲ್ಲಿಸಿದಾರೆ. ಆರು ಗಂಟೆ ಕಮ್ಮಿಯಂತೆ."

ಎರಡು ವರ್ಷಕ್ಕೊಮ್ಮೆ ಲೈಸೆನ್ಸ್ ಹೊಸದಾಗಬೇಕಾದರೆ ವೈದ್ಯರು ಮೂವತ್ತು ಗಂಟೆ ಕಲಿತ ಇಲ್ಲವೇ ಕಲಿಸಿದ ದಾಖಲೆ ತೋರಿಸಬೇಕು. ಆ ನಿಯಮದ ಮೇಲೆ ನೀರಮ್ಮನಿಗೆ ಎಂದೂ ಸಿಟ್ಟಿರಲಿಲ್ಲ. ಇನ್ನೊಬ್ಬರ ಮೈ ಮುಟ್ಟುವವರು ಕಲಿಯುತ್ತಲೇ ಇರಬೇಕು ಎನ್ನುವವಳು ಅವಳು.

"ಕಮ್ಮಿ ಹೇಗಾಗುತ್ತೆ? ಮಂಡಳಿಯ ನೀರಿನ ಚಿಕಿತ್ಸೆ ತರಗತೀಲಿ ಆರು ಗಂಟೆ ನಾನೇ ಪಾಠ ಹೇಳಿದ್ನಲ್ಲ."

"ಅದೇ ಇಲ್ಲ ಅಂತಿದಾರೆ. ಇವತ್ತು ಸಂಜೆ ಐದಕ್ಕೆ ಗಡುವು. ತುಂಬದಿದ್ರೆ ನಾಳೆಯಿಂದ ನೀನು ಯಾರನ್ನೂ ಮುಟ್ಟೋ ಹಾಗಿಲ್ಲ."

ಕಂಡಕ್ಟರ್ ಬಿಸಿನೀರಿನ ಟಬ್ಬಿನೊಳಗೆ ಕಾಲಾಡಿಸಿದರು. "ಅಂದ್ರೆ ಟಿಕೆಟ್ ಇಲ್ದೆ ಕೂತಿದ್ದೀರಿ ಡಾಕ್ಟ್ರಮ್ಮ. ನಾನಾಗಿದ್ರೆ ಮುಂದಿನ ಸ್ಟಾಪಲ್ಲೇ ಇಳಿಸ್ತಿದ್ದೆ."

"ಇಳಿಸಿದ್ರೆ ನಿಮ್ಮ ಮಂಡಿ ಅರ್ಧ ದಾರೀಲೇ ನಿಲ್ಲುತ್ತೆ. ಸುಮ್ನೆ ಕಾಲು ಮುಳುಗಿಸಿ ಕೂತ್ಕೊಳ್ಳಿ," ಎಂದಳು. ಹತ್ತು ದಿನ ಬಿಸಿನೀರು ಕಂಡ ಆ ಮಂಡಿಯನ್ನು ನಡುವೆ ಬಿಟ್ಟರೆ ಎರಡನೆಯ ಕೋಲು ಮತ್ತೆ ಬರುವುದರಲ್ಲಿ ಅನುಮಾನವಿರಲಿಲ್ಲ.

ಮಂಡಳಿಗೆ ಫೋನು ಹತ್ತುವ ಹೊತ್ತಿಗೆ ಹತ್ತೂವರೆ. ಗುಮಾಸ್ತ ಕಡತ ತೆಗೆದು, ಕೆಮ್ಮಿ, ಹೇಳಿದ: "ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ ಇಲ್ಲಮ್ಮ."

"ನಾನು ಕಲಿಸಿದವಳು. ಪುಸ್ತಕ ನನ್ನ ಕೈಗೆ ಬರಲೇ ಇಲ್ಲ."

"ಕಲಿಸಿದವರಿಗೆ ಮೊದಲನೇ ಸಾಲು ಖಾಲಿ ಬಿಟ್ಟಿರ್ತೀವಲ್ಲ. ಅಲ್ಲಿ ಬೇರೆಯವರ ಸಹಿ ಇದೆ. ನಮ್ಮ ದಾಖಲೆ ಪ್ರಕಾರ ಕಲಿಸಿದ್ದು ಅವರೇ."

ಅವನು ಓದಿದ ಹೆಸರು ಮಣ್ಣಪ್ಪನದು.

ನೀರಮ್ಮನಿಗೆ ತರಗತಿಯ ಆ ದಿನ ಕಣ್ಣಿಗೆ ಕಟ್ಟಿತು. ಎಲ್ಲರಿಗಿಂತ ಮೊದಲು ಬಂದವನು ಮಣ್ಣಪ್ಪ. ಬೇಗ ಬಂದದ್ದು ಬೇಗ ಹೋಗುವುದಕ್ಕೆ. ತೆರೆದ ಪುಸ್ತಕ, ಖಾಲಿ ಸಾಲು, ಕೈಯಲ್ಲಿ ಪೆನ್ನು. ಗೀಚಿರಬೇಕು. ಮಧ್ಯಾಹ್ನ ಊಟಕ್ಕೆ ಎದ್ದವನು ಮತ್ತೆ ಬರಲಿಲ್ಲ. ಇವಳು ಮಾತ್ರ ಸಂಜೆಯವರೆಗೂ ನಿಂತೇ, ಗಂಟಲು ಒಣಗುವಷ್ಟು ಪಾಠ ಹೇಳಿದ್ದಳು.

"ಗಡುವು ನಾಲ್ಕು ದಿನ ಮುಂದಕ್ಕೆ ಹಾಕೋಕಾಗುತ್ತಾ?"

"ಆಗುತ್ತಮ್ಮ. ಅದಕ್ಕೆ ಗಡುವಿಗಿಂತ ಮೂವತ್ತು ದಿನ ಮುಂಚೆ ಅರ್ಜಿ ಹಾಕ್ಬೇಕು."

"ಕಮ್ಮಿ ಇದೆ ಅಂತ ನೀವು ಹೇಳಿದ್ದೇ ಇವತ್ತು."

"ಅದೂ ಹೌದು," ಎಂದ ಗುಮಾಸ್ತ, ತನಗೂ ಅದು ಈಗಷ್ಟೇ ಹೊಳೆದವನಂತೆ. "ಇಂಟರ್‌ನೆಟ್ಟಲ್ಲಿ ಪಾಠಗಳಿವೆ. ನಿಮಗೆ ಬೇಕಾದ ವಿಭಾಗದಲ್ಲಿ ಆರು ಗಂಟೇದು ಒಂದೇ ಒಂದಿದೆ, ಈಗಲೇ ಶುರು ಮಾಡಿ. ನಾಲ್ಕೂಮುಕ್ಕಾಲಿಗೆ ಮುಗಿಯುತ್ತೆ."

ಫೋನಿಟ್ಟವಳೇ ಮಣ್ಣಪ್ಪನಿಗೆ ಹಚ್ಚಿದಳು. ವಿಷಯ ಹೇಳಿದಳು.

"ಹೌದಾ ಮೇಡಂ," ಎಂದ ಅವನು. "ನೋಡ್ತೀನಿ."

"ಏನು ನೋಡ್ತೀಯಪ್ಪ? ಪ್ರಮಾಣಪತ್ರ ಬಂದಾಗ ಅದರಲ್ಲಿ ಕಲಿಸಿದವರು ಅಂತ ನಿನ್ನ ಹೆಸರಿತ್ತಲ್ಲ. ಆಗ ಕಣ್ಣಿಗೆ ಬೀಳಲಿಲ್ವಾ?"

"ರೋಗಿ ಕಾಯ್ತಿದಾರೆ ಮೇಡಂ," ಎಂದು ಫೋನಿಟ್ಟುಬಿಟ್ಟ.

"ನೋಡ್ತಾನಂತೆ," ಎಂದಳು ತಂಗಿ. "ಅವನ ಗಡುವೂ ಇವತ್ತೇ ಅಕ್ಕ. ಆ ಆರು ಗಂಟೆ ಬಿಟ್ಟರೆ ಅವನೂ ಬೀದಿಗೆ ಬರ್ತಾನೆ. ಬಿಡ್ತಾನಾ? ನೀನು ಸುಮ್ನೆ ಪಾಠ ಹಾಕು."

ಪಾಠ ಶುರುವಾಯಿತು. ಪರದೆಯ ಮೇಲೆ ಒಬ್ಬ ಹೆಂಗಸು ಬಂದು ಗಂಟಲು ಸರಿಮಾಡಿಕೊಂಡಳು. ನೀರಮ್ಮ ಕನ್ನಡಕ ಏರಿಸಿದಳು. ಪರದೆಯಲ್ಲಿದ್ದವಳು ತಾನೇ. ಅದೇ ಸೀರೆ, ಅದೇ ಕೆಮ್ಮು. ತರಗತಿಯ ದಿನ ಹಿಂದಿನ ಸಾಲಿನಲ್ಲಿ ಯಾರೋ ಕ್ಯಾಮೆರಾ ಇಟ್ಟಿದ್ದು ಅವಳಿಗೆ ನೆನಪಾಯಿತು.

ತಂಗಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. "ಚೆನ್ನಾಗಿ ಕೇಳಿಸ್ಕೊಳಕ್ಕ, ಪರೀಕ್ಷೆ ಇದೆ. ಟೀಚರು ಬಹಳ ಜೋರಂತೆ."

ನೀರಮ್ಮ ನಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಪರದೆ ನಿಂತು 'ನೀವು ಅಲ್ಲಿದ್ದೀರಾ?' ಎಂದು ಕೇಳುತ್ತಿತ್ತು, ಇದ್ದೇನೆಂದು ಒತ್ತಬೇಕು. ಮುಂದಿನ ರೋಗಿಯ ಟಬ್ಬಿನ ನೀರು ಆರಿತೆಂದು ಒಂದು ತಂಬಿಗೆ ಬಿಸಿನೀರು ಹುಯ್ದು ಬರುವಷ್ಟರಲ್ಲಿ ಪರದೆ ಕೇಳಿ, ಕಾದು, ಮೊದಲಿನಿಂದ ಶುರುವಾಗಿತ್ತು. ಮತ್ತೆ ಅದೇ ಸೀರೆ, ಅದೇ ಕೆಮ್ಮು. ಇನ್ನು ಐದರೊಳಗೆ ಮುಗಿಯುವ ಮಾತೇ ಇರಲಿಲ್ಲ. ಆದರೂ ಹಲ್ಲು ಕಚ್ಚಿ ಕೂತಳು. ಮುಕ್ಕಾಲು ಗಂಟೆಯಾದ ಮೇಲೆ ಪರದೆ ಪೂರಾ ಬೆಳ್ಳಗಾಗಿ ಒಂದು ಸಾಲು ಮೂಡಿತು: ಈ ಪಾಠವನ್ನು ಕಲಿಸಿದವರು ಇದನ್ನೇ ಕಲಿತು ಗಂಟೆ ಪಡೆಯುವಂತಿಲ್ಲ.

ಹಾಜರಿ ಪುಸ್ತಕ ಅವಳು ಕಲಿಸಿದವಳಲ್ಲ ಎನ್ನುತ್ತದೆ. ಯಂತ್ರ ಅವಳೇ ಕಲಿಸಿದವಳು ಎನ್ನುತ್ತದೆ. ಎರಡೂ ಒಂದೇ ಕಟ್ಟಡದಲ್ಲಿವೆ, ಒಂದನ್ನೊಂದು ಮಾತಾಡಿಸಿಲ್ಲ. ಮನಸ್ಸಿನಲ್ಲೇ ದೇವರನ್ನು ಕರೆದಳು. ಬೇಡಿಕೊಳ್ಳಲು ಹೋದರೆ ಬಾಯಿಗೆ ಬಂದದ್ದು ಬೈಗುಳ, ಅಲ್ಲಿಗೇ ನಿಲ್ಲಿಸಿದಳು.

ಕಾದಿದ್ದ ರೋಗಿಗಳನ್ನು ನೋಡಿ ಮುಗಿಸಿ, ನಾಲ್ಕಕ್ಕೆ ಅಕ್ಕತಂಗಿಯರು ಮಂಡಳಿಯ ಕಿಟಕಿಯ ಮುಂದಿದ್ದರು. ಗೋಡೆಯ ಮೇಲೆ ಗಡಿಯಾರ, ಅದರ ಕೆಳಗೆ ಒಂದು ಕಾಲು ಕುಂಟುವ ಬೆಂಚು. ಗುಮಾಸ್ತನಿಗೆ ನಲವತ್ತಿರಬಹುದು, ಮುಖದಲ್ಲಿ ಕೆಟ್ಟತನವಿರಲಿಲ್ಲ. ಅದೇ ಇನ್ನಷ್ಟು ಕಷ್ಟವಾಯಿತು, ಬೈಯಲೂ ಬರುವಂತಿಲ್ಲ.

"ಪಾಠ ಹೇಳಿದ್ದು ನಾನೇ ಅಂತ ನಿಮ್ಮ ಯಂತ್ರವೇ ಹೇಳ್ತಿದೆಯಲ್ಲಪ್ಪ. ಅದನ್ನೇ ಬರ್ಕೊಳ್ಳಿ."

"ಯಂತ್ರದ ಮಾತು ನಮ್ಮ ವಿಭಾಗಕ್ಕೆ ನಡೆಯಲ್ಲಮ್ಮ. ನಮಗೆ ಸಹಿ ಬೇಕು."

"ಹಾಗಾದ್ರೆ ನಾನು ಯಾರು? ಕಲಿಸಿದವಳಾ, ಕಲಿತವಳಾ?"

ಗುಮಾಸ್ತ ಪುಸ್ತಕ ನೋಡಿದ, ಪರದೆ ನೋಡಿದ. "ಸದ್ಯಕ್ಕೆ ಎರಡೂ ಅಲ್ಲ ಅಂತ ಕಾಣುತ್ತೆ."

"ನನ್ನಕ್ಕನ್ನ ನಿಮ್ಮ ಕಪಾಟಲ್ಲೇ ಇಟ್ಕೊಂಡ್ಬಿಡಿ," ಎಂದಳು ತಂಗಿ. "ಯಾವ ಅರೆಗೆ ಸೇರುತ್ತೋ ನೋಡಿ ಸೇರಿಸಿ."

ಅವನು ತಲೆ ತಗ್ಗಿಸಿದ. "ಮೊದಲನೇ ಸಾಲಿನವರು ಇದು ನನ್ನದಲ್ಲ ಅಂತ ಬರೆದುಕೊಟ್ರೆ ತಿದ್ದಬಹುದಮ್ಮ. ಬೇರೆ ದಾರಿ ಇಲ್ಲ."

ನೀರಮ್ಮ ಬೆಂಚಿಗೆ ಬಂದು ಕೂತಳು. ತಂಗಿ ಮಣ್ಣಪ್ಪನಿಗೆ ಇನ್ನೊಮ್ಮೆ ಫೋನು ಮಾಡೆಂದಳು. ಅವಳು ಬೇಡವೆಂದು ತಲೆಯಾಡಿಸಿದಳು. ಕೇಳುವುದನ್ನು ಬೆಳಿಗ್ಗೆಯೇ ಕೇಳಿಯಾಗಿತ್ತು. ನಾಳೆ ಕಂಡಕ್ಟರಿಗೆ ಯಾವ ಬಾಯಲ್ಲಿ ಹೇಳುವುದೆಂದು ಮಾತು ಹುಡುಕತೊಡಗಿದಳು.

ನಾಲ್ಕೂ ನಲವತ್ತಕ್ಕೆ ಬಾಗಿಲು ಕಿರ್ರೆಂದಿತು. ಮಣ್ಣಪ್ಪ. ಮುಂಗೈವರೆಗೂ ಒಣಗಿದ ಮಣ್ಣು, ಕೈ ತೊಳೆಯದೆ ಬಂದಿದ್ದ. ಬೆಂಚಿನ ಕಡೆ ನೋಡದೆ ನೇರ ಕಿಟಕಿಗೆ ಹೋಗಿ ಎರಡು ಹಾಳೆ ಇಟ್ಟ.

ಗುಮಾಸ್ತ ಮೇಲಿನದನ್ನು ಓದಿದ. "'ಅಂದು ನಾನು ಕಲಿಸಲಿಲ್ಲ. ಮಧ್ಯಾಹ್ನದ ಮೇಲೆ ಕಲಿಯಲೂ ಇಲ್ಲ.'" ತಲೆಯೆತ್ತಿದ. "ಹೀಗೆ ಬರೆದ್ರೆ ಆರು ಗಂಟೇನೂ ಹೋಗುತ್ತೆ ಡಾಕ್ಟ್ರೇ. ಐದು ಗಂಟೆ ಮೇಲೆ ನಿಮ್ಮ ಲೈಸೆನ್ಸ್ ನಿಲ್ಲುತ್ತೆ."

"ಗೊತ್ತು. ಬರೆದದ್ದು ಓದಿದ್ರಲ್ಲ, ತಿದ್ದಿ."

ಗುಮಾಸ್ತ ಕೆಂಪು ಪೆನ್ನಿನಿಂದ ಮೊದಲನೆಯ ಸಾಲನ್ನು ಹೊಡೆದು ಪುಸ್ತಕವನ್ನು ಈಚೆಗೆ ತಿರುಗಿಸಿದ. ನೀರಮ್ಮ ಎದ್ದು ಬಂದು ಪಕ್ಕದಲ್ಲಿ ನಿಂತಳು. ಹೊಡೆದ ಹೆಸರಿನ ಮೇಲೆ ತನ್ನ ಸಹಿ ಹಾಕಿದಳು. ಮಣ್ಣಪ್ಪ ಎರಡನೆಯ ಹಾಳೆಯನ್ನು, 'ಕಲಿಸಿದವರು' ಎಂದು ಅಚ್ಚಾಗಿದ್ದ ಪ್ರಮಾಣಪತ್ರವನ್ನು, ಮಣ್ಣಿನ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು ಅವಳ ಕೈಗೆ ಕೊಟ್ಟ.